ಹುಲ್ಲು ಕೇಳಲಿ

ತೀರ್ಥಹಳ್ಳಿ ಕಡೆಯ ಗುಡ್ಡವೊಂದರ ಗಾಲ್ಫ್ ಮೈದಾನದಲ್ಲಿ ನಾನು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದೆ. ಆ ಮೈದಾನದ ನಕ್ಷೆ ಬರೆದು, ಆಮೇಲೆ ಅಲ್ಲೇ ನಿಂತು ಅದನ್ನು ನೋಡಿಕೊಳ್ಳುತ್ತಿದ್ದವರು ಸಾಗರದ ಒಬ್ಬ ಮೇಡಂ. ಬೆಳಿಗ್ಗೆ ಬಂದವರೇ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಹಿಮ್ಮಡಿ ಊರುತ್ತಿದ್ದರು. ತುಳಿದ ಹುಲ್ಲು ತಾನಾಗಿ ಎದ್ದು ನಿಂತರೆ ಆ ದಿನ ನೀರಿಲ್ಲ. ಪೈಪು ಹಿಡಿದು ಬಂದವರಿಗೆಲ್ಲ ಒಂದೇ ಮಾತು: "ತಡೀರಿ. ಹುಲ್ಲು ಕೇಳಲಿ, ಆಮೇಲೆ ಕೊಡೋಣ."

ಒಂದು ಬೇಸಿಗೆಯಲ್ಲಿ ದೊಡ್ಡ ಪಂದ್ಯ ನಿಗದಿಯಾಯಿತು. ಕೆರೆಯ ತಳ ಕಾಣುತ್ತಿತ್ತು. ಕೆಳಗಿನ ಊರಿಗೂ ಅದೇ ಕೆರೆ. ಮೇಡಂ ಬಾವುಟ ನೆಟ್ಟ ಗುಳಿಗಳ ಸುತ್ತ ಮಾತ್ರ ನೀರು ಹಾಕಿಸಿ, ಉಳಿದ ಹುಲ್ಲನ್ನು ಒಣಗಲು ಬಿಟ್ಟರು. ಮೈದಾನದ ಮಾಲೀಕರು ಹುಲ್ಲಿಗೆ ಹೊಡೆಯಲು ಹಸಿರು ಬಣ್ಣದ ಡಬ್ಬಗಳನ್ನೇ ತರಿಸಿಬಿಟ್ಟರು.

"ಮಲೆನಾಡಿಗೆ ಬಂದವ್ರು ಕಂದು ನೆಲ ನೋಡ್ಕಂಡು ಹೋಗ್ಬೇಕೇನ್ರೀ? ಬಣ್ಣನಾದ್ರೂ ಹೊಡ್ಸಿ!"

"ಅದು ಸತ್ತಿಲ್ಲ ಸಾರ್, ಮಲಗಿದೆ. ಮಲಗಿದವ್ರಿಗೆ ಎಂತಕ್ಕೆ ಬಣ್ಣ?" ಎಂದ ಮೇಡಂ, ಡಬ್ಬಗಳನ್ನು ಶೆಡ್ಡಿಗೆ ಹಾಕಿಸಿ ಬೀಗ ಜಡಿದರು. ಆ ಬೀಗದ ಸದ್ದು ನನಗೆ ಇವತ್ತಿಗೂ ಇಷ್ಟ.

ಪಂದ್ಯದ ದಿನ ಮೊದಲ ಹೊಡೆತದ ಚೆಂಡು ಗಟ್ಟಿ ನೆಲಕ್ಕೆ ಬಿದ್ದು ಪುಟಿಯಿತು. ಇಳಿಜಾರು ಹಿಡಿದು, ಮೇಡಂ ನಕ್ಷೆಯಲ್ಲಿ ಎಳೆದಿದ್ದ ತಿರುವಿನಲ್ಲೇ ಹೊರಳಿ, ಉರುಳುತ್ತ ಉರುಳುತ್ತ ಬಾವುಟದ ಬುಡಕ್ಕೇ ಹೋಗಿ ನಿಂತಿತು. ಆಟಗಾರರು ಮಕ್ಕಳಂತೆ ಕೂಗಿದರು. ಚೆಂಡು ಇಷ್ಟು ಚೆನ್ನಾಗಿ ಓಡುವ ನೆಲ ಎಲ್ಲೂ ಸಿಕ್ಕಿರಲಿಲ್ಲವಂತೆ.

ಮಳೆ ಹಿಡಿದ ವಾರದಲ್ಲೇ ಗುಡ್ಡವಿಡೀ ಹಸಿರಾಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಹುಲ್ಲಿನ ಅಂಚಿನಲ್ಲಿ ಮೇಡಂ ಚಪ್ಪಲಿಯ ಪಕ್ಕ ಮಾಲೀಕರ ಬೂಟು. ಮಾಲೀಕರೇ ಬರಿಗಾಲಲ್ಲಿ ಬಗ್ಗಿ ನಿಂತು ತಮ್ಮ ಹಿಮ್ಮಡಿಯ ಗುರುತನ್ನೇ ನೋಡುತ್ತಿದ್ದರು. ನಾನು ಯಂತ್ರ ಚಾಲೂ ಮಾಡಲು ಹೋದರೆ ಕೈಯೆತ್ತಿ ಗದರಿದರು:

"ತಡಿಯೋ ಮಾರಾಯ, ಎದ್ದು ನಿಲ್ತಾ ಇದೆ!"