ಮೂರು ಬಾರಿ ನಿಂತ ಜೀಪು

ಅಣ್ಣನಿಗೆ ಸಜ್ಜೆ ಹೊಲದಲ್ಲಿ ಹಾವು ಕಡಿದಾಗ ಜೈನಾಪುರದಲ್ಲಿ ಗಾಡಿ ಅಂತ ಇದ್ದದ್ದು ನಮ್ಮ ಹಳೆಯ ಜೀಪೊಂದೇ. ಎಪ್ಪತ್ತರ ದಶಕದ ಮಾತು. ಹಾವಿನ ಇಂಜೆಕ್ಷನ್ನು ಸಿಗುವುದು ವಿಜಾಪುರದ ದೊಡ್ಡ ದವಾಖಾನೆಯಲ್ಲಿ ಮಾತ್ರ. ಊರ ಹಿರಿಯರು ನಾಟಿ ಔಷಧದವನನ್ನು ಕರೆಸೋಣ ಎನ್ನುತ್ತಿದ್ದರು. ವೈನಿ, ಅಂದರೆ ಅಣ್ಣನ ಹೆಂಡತಿ, ಯಾರ ಮಾತೂ ಕೇಳಲಿಲ್ಲ. "ಮೊದಲ ಜೀಪ್ ತಗಿ ಯಪ್ಪಾ!" ಎಂದು ನನ್ನ ಮೇಲೆ ಚೀರಿದರು.

ಜೀಪಿನ ವಿಷಯದಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬ ಜಂಬ ನನಗಿತ್ತು. ತಿಕೋಟಾದ ಮಿಸ್ತ್ರಿಯೊಬ್ಬರ ಬೆನ್ನು ಹತ್ತಿ ಒಂದಿಷ್ಟು ರಿಪೇರಿ ಕಲಿತಿದ್ದೆ, ಅಷ್ಟೇ. ಬಬಲೇಶ್ವರ ದಾಟಿ ಎರಡು ಮೈಲು ಹೋಗಿರಬೇಕು, ಇಂಜಿನ್ನು ಕುಲುಕಿ ಕುಲುಕಿ ನಿಂತುಬಿಟ್ಟಿತು. ಟ್ಯಾಂಕಿನಿಂದ ಪೆಟ್ರೋಲ್ ಎಳೆದುಕೊಡುವ ಪಂಪು ಕೈಕೊಟ್ಟಿದೆ ಎಂದು ಅಲ್ಲೇ ತೀರ್ಮಾನಿಸಿದೆ. ಪೈಪು ಬಿಚ್ಚಿ ಊದಿ, ಪಂಪಿನ ಜಾಲರಿ ಒರೆಸಿ, ಮತ್ತೆ ಕೂಡಿಸಿದೆ. ಜೀಪು ಹೊರಟಿತು. ನೋಡಿದಿರಾ ಎಂಬಂತೆ ವೈನಿಯ ಕಡೆ ತಿರುಗಿದೆ. ಅವರು ನನ್ನನ್ನು ನೋಡಲಿಲ್ಲ. ಅವರ ಮಡಿಲಲ್ಲಿದ್ದ ಅಣ್ಣನ ಕೈ ಮೊಣಕೈತನಕ ಬಾತಿತ್ತು.

ಮುಂದೆ ಮೂರು ಮೈಲಿಗೆ ಮತ್ತೆ ನಿಂತಿತು. ಸೊಲ್ಲಾಪುರ ರಸ್ತೆಯ ಅಂಗಡಿಯಿಂದ ತಂದಿಟ್ಟಿದ್ದ ಪಂಪಿನ ಹೊಸ ರಬ್ಬರು ಜೊತೆಗಿತ್ತು. ಬಿಸಿಲಲ್ಲಿ ಕೂತು ಅದನ್ನು ಹಾಕುವುದರಲ್ಲಿ ಅರ್ಧ ತಾಸು ಹೋಯಿತು. ಜೀಪು ಓಡಿತು. ದೂರದಲ್ಲಿ ಗೋಳಗುಮ್ಮಟ ಕಂಡಿತು ಅನ್ನುವಷ್ಟರಲ್ಲಿ ಮೂರನೆಯ ಸಲ ನಿಂತಿತು. ಅಣ್ಣನ ಮಾತು ತೊದಲತೊಡಗಿತ್ತು, ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ನನಗೆ ಅಳು ಬಂತು.

"ಎಣ್ಣಿ ಐತೇನ್ ನೋಡ ಯಪ್ಪಾ," ಎಂದರು ವೈನಿ.

"ತುಂಬ ಹಾಕೇನಿ ವೈನಿ! ಗೊತ್ತಿಲ್ಲದ್ದರಾಗ ಬಾಯಿ ಹಾಕಬ್ಯಾಡ್ರಿ!" ಎಂದು ಒದರಿದೆ. ತೋರಿಸಿಯೇ ಬಿಡುತ್ತೇನೆಂದು ಟ್ಯಾಂಕಿನ ಮುಚ್ಚಳ ತಿರುವಿದೆ. ಅದು ಕಚ್ಚಿಕೊಂಡಿತ್ತು. ಜೋರಾಗಿ ಜಗ್ಗಿದಾಗ ಸುಯ್ ಎಂದು ಗಾಳಿ ಒಳಗೆ ನುಗ್ಗಿತು.

ಮುಚ್ಚಳದಲ್ಲಿ ಒಂದು ಸಣ್ಣ ತೂತಿರುತ್ತದೆ. ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿಗೆ ಗಾಳಿ ಹೋಗುವುದು ಅಲ್ಲಿಂದ. ಅದು ಕಟ್ಟಿದರೆ ಎಂಥ ಪಂಪೂ ಎಳೆಯಲಾರದು. ನಾನು ಪೈಪು ಬಿಚ್ಚಿದಾಗಲೆಲ್ಲ ಗಾಳಿ ಆ ದಾರಿಯಿಂದ ಒಳಹೊಕ್ಕು ಜೀಪನ್ನು ಸ್ವಲ್ಪ ದೂರ ಓಡಿಸುತ್ತಿತ್ತು, ಪಂಪು ಸರಿಹೋಯಿತೆಂದು ನಾನು ಬೀಗುತ್ತಿದ್ದೆ. ತೂತಿನಲ್ಲಿ ಗಟ್ಟಿಯಾಗಿ ಕೂತಿದ್ದದ್ದು ವಿಭೂತಿ. ಮೂರು ದಿನದ ಹಿಂದೆ ಖಂಡೇನವಮಿಯ ಆಯುಧಪೂಜೆಯಲ್ಲಿ ನೀರಲ್ಲಿ ಕಲಸಿದ ವಿಭೂತಿಯನ್ನು ದೀಪ, ಬಾನೆಟ್ಟು, ಸ್ಟೇರಿಂಗು ಎಲ್ಲಕ್ಕೂ ಬಳಿದು, ಟ್ಯಾಂಕು ಗಾಡಿಯ ಹೊಟ್ಟೆ, ಅದನ್ಯಾಕೆ ಬಿಡಬೇಕೆಂದು ಮುಚ್ಚಳಕ್ಕೂ ಮೂರು ಬೆರಳು ಎಳೆದವನು ನಾನೇ. ಆಮೇಲೆ ಜೀಪು ಅಂಗಳ ಬಿಟ್ಟಿರಲಿಲ್ಲ. ವೈನಿ ಮುಚ್ಚಳವನ್ನೂ ನೋಡಿದರು, ನನ್ನನ್ನೂ ನೋಡಿದರು.

ಮುಚ್ಚಳ ಸಡಿಲ ಬಿಟ್ಟು ಓಡಿಸಿದೆ. ದವಾಖಾನೆಯವರೆಗೆ ಜೀಪು ಎಲ್ಲೂ ನಿಲ್ಲಲಿಲ್ಲ.

ಇಂಜೆಕ್ಷನ್ನು ಕೊಟ್ಟ ಡಾಕ್ಟರು ಸಿಟ್ಟಿನಿಂದ ನಮ್ಮ ಕಡೆ ತಿರುಗಿದರು. "ಇಷ್ಟೊತ್ತು ಏನ್ ಮಾಡಾಕತ್ತಿದ್ರಿ? ಇನ್ನ ಸ್ವಲ್ಪ ತಡಾ ಆಗಿದ್ರ ಹೆಣಾ ಒಯ್ತಿದ್ರಿ!"



"ನಂದ ತಪ್ಪರಿ ಸಾಹೇಬ್ರ," ಎಂದರು ವೈನಿ. "ಊರಾಗ ನಾಟಿ ಔಷಧ ಮಾಡಿಸ್ಕೋತ ಕುಂತಿದ್ದೆ."

ಇಡೀ ವಾರ್ಡು ಕೇಳುವಂತೆ ಡಾಕ್ಟರು ಅವರನ್ನು ಬೈದರು. ಬುದ್ಧಿಗೇಡಿ ಎಂದರು, ಗಂಡನನ್ನು ಕೊಲ್ಲಲು ಹೊರಟವಳು ಎಂದರು. ವೈನಿ ಸೆರಗು ಎಳೆದುಕೊಂಡು ಎಲ್ಲ ಕೇಳಿಸಿಕೊಂಡರು. ಅಣ್ಣ ಉಳಿದ. ಮಾತುಮಾತಿಗೆ ಎಲ್ಲರ ಮೇಲೆ ಒದರುವ ನಾನು ಆ ಹೊತ್ತು ಅವರ ಪಕ್ಕದಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ.