ಎದುರು ಮೇಳವಿಲ್ಲದ ಹಾಡು

‘ಎಲ್ಲಾ ವ್ಯವಸ್ಥಾ ಐತ್ರಿ’ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳಿದವರು ಮದುವೆ ಮನೆಯವರಿರಲಿ, ಗ್ಯಾಸಿನವರಿರಲಿ, ಸಿಟ್ಟು ಒಂದೇ. ಹೆಂಡತಿ ಇದನ್ನು ಪಿತ್ತವೆಂದು ತಿಳಿದು ಜೀರಿಗೆ ಕಷಾಯ ಕೊಡುತ್ತಾಳೆ. ಕುಡಿಯುತ್ತೇನೆ. ಆದರೂ ಇಳಿಯುವುದಿಲ್ಲ, ಏಕೆಂದರೆ ಈ ಉರಿ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಸೊಲ್ಲಾಪುರದಲ್ಲಿ ಹುಟ್ಟಿದ್ದು.

ನಾನು ಸೊಲ್ಲಾಪುರ ಸೀಮೆಯ ನಾಗಣಸೂರಿನವನು. ನಮ್ಮೂರ ಡೊಳ್ಳಿನ ಮೇಳದಲ್ಲಿ ಹಿಂದೆ ನಿಂತು ದನಿಗೂಡಿಸುತ್ತೇನೆ. ನನ್ನ ದನಿಯಿಂದ ಮೇಳಕ್ಕೆ ಹೇಳಿಕೊಳ್ಳುವಂಥ ಲಾಭವೇನಿಲ್ಲ. ಮರಾಠಿಯಲ್ಲಿ ನಾಲ್ಕು ಮಾತು ಗಟ್ಟಿಯಾಗಿ ಆಡುತ್ತೇನೆಂದು ಫೋನನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಮುಂದೆ ನಿಂತು ಹಾಡುವವರು ಮಾಳಪ್ಪ ಕಾಕಾ. ಕುರಿ ಕಾಯುತ್ತ ಕಾಯುತ್ತಲೇ ಪದ ಕಟ್ಟಿದವರು.

ಡೊಳ್ಳಿನ ಪದವೆಂದರೆ ಒಬ್ಬರೇ ಹಾಡಿ ಕೆಳಗಿಳಿಯುವ ಹಾಡಲ್ಲ. ಎರಡು ಮೇಳ ಎದುರುಬದುರು ನಿಲ್ಲಬೇಕು. ಇವರು ಹಾಡಿನಲ್ಲೇ ಸವಾಲು ಹಾಕಬೇಕು, ಅವರು ಹಾಡಿನಲ್ಲೇ ಜವಾಬು ಕೊಟ್ಟು ತಿರುಗಿ ಇನ್ನೊಂದು ಹಾಕಬೇಕು. ಪಂಡಿತರು ಇದಕ್ಕೆ ಸಂವಾದ ಪರಂಪರೆ ಎಂದು ಹೆಸರಿಟ್ಟು ಋಷಿಗಳ ಕಾಲದ ಗುರುಶಿಷ್ಯರ ತನಕ ಹೋಗುತ್ತಾರೆ. ಹೋಗಲಿ. ಆ ಆಶ್ರಮಗಳಲ್ಲಿ ಶಿಷ್ಯನನ್ನು ಕರೆಯಲು ಮಾತ್ರ ಯಾರೂ ಮರೆತಿರಲಿಕ್ಕಿಲ್ಲ.

ಎದುರು ಮೇಳವನ್ನು ಕರೆಸುವುದು ಕರೆದವರ ಕೆಲಸ. ಯಾರು ಬರುತ್ತಾರೆಂದು ಹಾಡುವವರು ಕೇಳುವಂತಿಲ್ಲ. ಕೇಳಿದರೆ ಅಂಜಿದ ಹಾಗೆ. ಸವಾಲಿಗೆ ಹೆಸರಾದ ಹನ್ನೂರಿನ ಮೇಳದವರೇ ಬರಲಿ, ಇನ್ಯಾರೇ ಬರಲಿ, ‘ಎದುರಿಗೆ ಯಾರು?’ ಎಂಬ ಮಾತು ಕಾಕಾನ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ.

ಹೋದ ವರ್ಷ ಸೊಲ್ಲಾಪುರದ ಒಬ್ಬ ಸಾವಕಾರರು ಫೋನು ಮಾಡಿದರು. ಕೆಳಗೆ ಅವರ ಚಾದರಿನ ಅಂಗಡಿ, ಮೇಲೆ ಸಂಗೀತಕ್ಕೆಂದೇ ಕಟ್ಟಿಸಿದ ಸಣ್ಣ ಹಾಲ್. “ಸಿತಾರ ಆತು, ಬಾನ್ಸುರಿ ಆತು, ಈ ಸಲ ಡೊಳ್ಳು ಆಗಲಿ” ಎಂದರು. “ನಮಗ ಏನೇನು ಬೇಕಾಗತೈತಿ ಅಂದ್ರ...” ಎಂದು ನಾನು ಬಾಯಿ ತೆರೆದೆ. “ಎಲ್ಲಾ ವ್ಯವಸ್ಥಾ ಐತ್ರಿ, ಕಾಳಜಿ ಬ್ಯಾಡ. ನೀವು ಬರೇ ಬರ್ರಿ!” ಫೋನು ಕಟ್.

ಕಾಕಾನ ಸಂಭ್ರಮಕ್ಕೆ ಬೇರೆಯೇ ಕಾರಣವಿತ್ತು. ಮಗಳ ಮಗಳು ಪೂಜಾ ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದು ಕಾಲೇಜಿಗೆ ಹೋಗುತ್ತಾಳೆ. ಕನ್ನಡ ತಿಳಿಯುತ್ತದೆ, ನಾಲಿಗೆ ಮರಾಠಿಯದು. ಅಜ್ಜನ ಹಾಡು ಕೇಳಿದವಳೇ ಅಲ್ಲ. “ನನ್ನ ಮೊಮ್ಮಗಳು ಒಮ್ಮೆ ಪೂರಾ ಕೇಳ್ಲಿ, ಸಾಕು” ಎಂದು ಕಾಕಾ ಹೊಸ ಸವಾಲೊಂದನ್ನೇ ಕಟ್ಟಿದರು: ಲೋಕದಲ್ಲಿ ಕುರಿ ಹುಟ್ಟುವ ಮೊದಲೇ ಕಂಬಳಿ ಹೊದ್ದವರು ಯಾರು?

ಆ ಹಾಲ್‌ನಲ್ಲಿ ಏನಿರಲಿಲ್ಲ ಹೇಳಿ! ತಣ್ಣನೆ ಗಾಳಿ, ಮೆತ್ತನೆ ಕುರ್ಚಿ, ತುಪ್ಪ ಸುರಿಯುವ ಶಿರಾ. ಚಹಾಕ್ಕೆ ಸಕ್ಕರೆ ನಡೆಯುತ್ತದೋ ಇಲ್ಲವೋ ಎಂದು ಒಬ್ಬೊಬ್ಬರನ್ನೂ ಕೇಳಿದರು. ವೇದಿಕೆಯ ಆಚೆ ಬದಿ ಮಾತ್ರ ಖಾಲಿ. “ಎದುರು ಮ್ಯಾಳ ಎಲ್ಲೈತ್ರಿ?” ಎಂದೆ. ಸಾವಕಾರರು ನಕ್ಕರು. “ಒಂದು ತಾಸಿನ ಪ್ರೋಗ್ರಾಮಿಗೆ ಎರಡು ಮ್ಯಾಳ ಯಾಕ ಬೇಕ್ರಿ?”

ಮುಂದಿನ ಸಾಲಿನಲ್ಲಿ ಪೂಜಾ ಗೆಳತಿಯರ ಜೊತೆ ಕೂತಿದ್ದಳು. ಕಾಕಾ ಹಾಡಿದರು. ಸವಾಲು ಹಾಕಿ, ಡೊಳ್ಳಿಗೆ ಏಟು ಕೊಟ್ಟು, ಖಾಲಿ ಜಾಗದ ಕಡೆ ತಿರುಗಿ ನಿಂತರು. ಜನ ಚಪ್ಪಾಳೆ ತಟ್ಟಿದರು! ಇನ್ನೊಂದು ಸವಾಲು ಹಾಕಿದರು. ಮತ್ತೂ ಜೋರು ಚಪ್ಪಾಳೆ. ಪ್ರಶ್ನೆ ಕೇಳಿದರೆ ಚಪ್ಪಾಳೆ ಹೊಡೆದು ಸುಮ್ಮನೆ ಕೂರುವ ಜನರನ್ನು ನಾನು ಕಂಡದ್ದು ಅಲ್ಲಿಯೇ. “ಕಾಕಾ, ಜವಾಬೂ ನೀವ ಹಾಡಿಬಿಡ್ರಿ” ಎಂದು ಕಿವಿಯಲ್ಲಿ ಹೇಳಿದೆ.

“ನನ್ನ ಮಾತಿಗೆ ನಾನ ಜವಾಬ ಕೊಟ್ಟರ ಅದು ಹಾಡಲ್ಲೋ ತಮ್ಮಾ, ತಲಿ ಕೆಟ್ಟಾವನ ಬಡಬಡಿಕಿ” ಎಂದವರೇ ಡೊಳ್ಳು ಕೆಳಗಿಟ್ಟರು.

ಪೂಜಾ ಓಡಿಬಂದಳು. “ಅಜ್ಜಾ, ಭಾರೀ ಆತು! ಪಣ ಉತ್ತರ ಕಾಯ? ಉತ್ತರ ಏನಜ್ಜಾ? ಕಂಬಳಿ ಹೊದ್ದಾವ್ರು ಯಾರು?”

“ಅದನ್ನ ಹೇಳಾವ್ರನ್ನ ಕರದಿಲ್ಲವ್ವಾ” ಎಂದರು ಕಾಕಾ. ಹೆಗಲ ಮೇಲೆ ಸಾವಕಾರರ ಶಾಲು ಇತ್ತು. ಮುಖ ನೋಡಲು ನನಗೆ ಆಗಲಿಲ್ಲ.

ಶಿರಾ ಎರಡು ಸಲ ಹಾಕಿಸಿಕೊಂಡೆ, ಸುಳ್ಳೇಕೆ ಹೇಳಲಿ. ಪ್ರತಿ ತುತ್ತಿಗೂ ಮನಸ್ಸಿನಲ್ಲೇ ಬೈದೆ. ಸಂಗೀತವೆಂದರೆ ಪ್ರಾಣವೆನ್ನುವ ಮನುಷ್ಯ, ನಿಮ್ಮ ಹಾಡು ಹೇಗೆ ನಡೆಯುತ್ತದೆ ಎಂದು ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ಹುಡುಗಿ ಅರ್ಧ ಹಾಡು ಕೇಳಿ ಮನೆಗೆ ಹೋದಳು. ಆ ಸಿಟ್ಟು ಇವತ್ತಿಗೂ ಹಾಗೆಯೇ ಇದೆ.

ಮೊನ್ನೆ ಮತ್ತೆ ಅವರದೇ ಫೋನು. “ಜನಕ್ಕ ಭಾಳ ಪಸಂದ ಆಗಿತ್ರಿ. ಈ ವರ್ಷನೂ ಬರ್ರಿ. ಎಲ್ಲಾ ವ್ಯವಸ್ಥಾ...” ವರ್ಷವಿಡೀ ಮಸೆದಿಟ್ಟ ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಕಾಕಾ ಕೈ ಚಾಚಿ ಫೋನು ತೆಗೆದುಕೊಂಡರು.

“ಸಾವಕಾರ್ರ, ಎದುರಿಗೆ ಯಾರು ಅದಾರ್ರಿ?”

ನಾನು ದಂಗಾದೆ. ಜನ್ಮದಲ್ಲಿ ಕೇಳದ ಮಾತನ್ನು ಈ ವಯಸ್ಸಿನಲ್ಲಿ ಕಾಕಾನಿಂದ ಈ ಸಾವಕಾರರು ಕೇಳಿಸಿದರಲ್ಲ ಎಂದು ನನ್ನ ಸಿಟ್ಟು ಇನ್ನಷ್ಟು ಏರಿತು. ಆ ಕಡೆಯಿಂದ ಸಾವಕಾರರು ಹಾಡಿನ ಬಗ್ಗೆ ಮೊಟ್ಟಮೊದಲ ಬಾರಿಗೆ ನಮ್ಮನ್ನು ಒಂದು ಪ್ರಶ್ನೆ ಕೇಳಿದರು: “ಯಾರು ಇರಬೇಕ್ರಿ?”

ಕಾಕಾ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು. ಮುಖದ ತುಂಬ ನಗು.

“ಹನ್ನೂರಾವ್ರ ನಂಬರ ತಗಿ. ಪೂಜಾಗ ಹೇಳು, ಜವಾಬ ಬರಾಕತ್ತೈತಿ ಅಂತ.”