ಕರಿಬೇವಿನ ಹುಳ

ಕುಂಡಯಿ ಕೈಗಾರಿಕಾ ವಸಾಹತಿನ ನಮ್ಮ ಕನ್ನಡ ಶಾಲೆಯಲ್ಲಿ ಚಿಟ್ಟೆ ತೋಟ ಮಾಡಿದಾಗ, ಭಾನುವಾರ ಬಂದು ದುಡಿಯುತ್ತೇವೆಂದು ಹದಿನೆಂಟು ಮಂದಿ ಹೆಸರು ಬರೆಸಿದ್ದರು. ಫೋಟೋ ತೆಗೆಸಿಕೊಂಡ ಮೇಲೆ ಉಳಿದವರು ನಾಲ್ಕೇ ಜನ. ಅವರಲ್ಲಿ ಒಂದು ವಾರವೂ ತಪ್ಪಿಸದವಳು ದಸ್ತಗೀರಬಿ.

ಆಕೆ ಸಿಂದಗಿ ಕಡೆಯವಳು. ಇಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಗಂಡ ತೀರಿ ಐದು ವರ್ಷ. ಒಬ್ಬಳೇ ಮಗಳು ಸುಮಯ್ಯಾ ನನ್ನ ಮೂರನೇ ತರಗತಿಯಲ್ಲಿದ್ದಳು. ಕಳೆದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಹೋಗಿಬಿಟ್ಟಳು. ದಸ್ತಗೀರಬಿ ಅಳಲಿಲ್ಲ. ಮೂರನೆಯ ದಿನದ ಜಿಯಾರತ್ ಮುಗಿಸಿ ನಾಲ್ಕನೆಯ ದಿನ ಕೆಲಸಕ್ಕೆ ಹೋದಳು. ಓಣಿಯವರು ಕಲ್ಲೆದೆ ಎಂದರು. ಸುಳ್ಳೇಕೆ, ನಾನೂ ಹಾಗೇ ಅಂದುಕೊಂಡೆ.

ರಜೆಯ ದಿನವೊಂದು ಮಾತ್ರ ಆಕೆಗೆ ಕಳೆಯುತ್ತಿರಲಿಲ್ಲ. "ಹೊತ್ತ ಹೋಗವಲ್ದರಿ ಅಕ್ಕೋರ, ಏನರ ಕೆಲಸಾ ಕೊಡ್ರಿ" ಎಂದು ತಾನಾಗಿಯೇ ತೋಟಕ್ಕೆ ಬಂದಿದ್ದಳು.

ಆ ಭಾನುವಾರ ನಾನು ಬರುವುದು ತಡವಾಯಿತು. ಅಷ್ಟರಲ್ಲಿ ಆಕೆ ಕರಿಬೇವಿನ ಗಿಡಗಳ ಬುಡಕ್ಕೆ ಗೋಣಿಚೀಲ ಹಾಸಿ, ಗಿಡ ಅಲ್ಲಾಡಿಸಿ, ಬೀಳದ ಹುಳಗಳನ್ನು ಬೆರಳಿನಿಂದ ಕಿತ್ತು, ಎಲ್ಲವನ್ನೂ ಸೋಪಿನ ನೀರಿನ ಬಕೆಟ್ಟಿಗೆ ಹಾಕಿಯಾಗಿತ್ತು. ತೊಗರಿ ಹೊಲದಲ್ಲಿ ಹುಳ ಉದುರಿಸುತ್ತ ಬೆಳೆದ ಕೈ ಅದು. ಎಲೆ ತೂತಾದದ್ದು ಕಂಡರೆ ಸುಮ್ಮನಿದ್ದೀತೇ? ಆದರೆ ಆ ವಾರವಷ್ಟೇ ಕಾಣಿಸಿಕೊಂಡಿದ್ದ ಆ ಹುಳಗಳಿಗೆ ಮಕ್ಕಳು ಹೆಸರಿಟ್ಟಿದ್ದರು. ನನ್ನ ತಲೆ ಕೆಟ್ಟುಹೋಯಿತು.

"ಏನ್ ಮಾಡೀರಿ ಇದು! ಈ ಹುಳಾನ ಚಿಟ್ಟಿ ಆಗತಾವ. ಅವು ತಿನ್ಲಿ ಅಂತನ ಈ ಗಿಡಾ ಹಚ್ಚೇವಿ. ನಾಳಿ ಹುಡುಗ್ರಿಗೆ ಏನ್ ಹೇಳ್ಲಿ? ಇನ್ನ ನೀವು ಬರೋದ ಬ್ಯಾಡ."

ದಸ್ತಗೀರಬಿ ಬಕೆಟ್ಟಿನೊಳಗೆ ನೋಡಿದಳು.

"ತಿನ್ಲಿ ಅಂತ ಹಚ್ಚೀರಿ?"

"ಹೂಂ ಮತ್ತ."

ಆಕೆ ಮೂಲೆಯಲ್ಲಿ ಕುಳಿ ತೋಡಿ ಹುಳಗಳನ್ನು ಹಾಕಿ ಮಣ್ಣು ಮುಚ್ಚಿದಳು. ಮುಖದಲ್ಲಿ ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಕೈ ತೊಳೆದಳು, ಚಪ್ಪಲಿ ಮೆಟ್ಟಿದಳು. ಹೋಗಲಿಲ್ಲ, ನಿಂತಳು.

"ಬರಬ್ಯಾಡ ಅನಬ್ಯಾಡ್ರಿ ಅಕ್ಕೋರ," ಎಂದಳು. ರೇಷನ್ ಅಂಗಡಿಯಲ್ಲಿ ವಿಳಾಸ ಹೇಳುವಂಥ ದನಿ. "ಇನ್ನ ಹುಳಾ ಮುಟ್ಟಂಗಿಲ್ಲ. ನೀರ ಅಷ್ಟ ಹಾಕ್ತೀನಿ. ಇಲ್ಲೆ ತಿನ್ನೋರರ ಮತ್ತ ಬರ್ತಾರ. ನನ್ನ ಮನ್ಯಾಗ ಯಾರೂ ಇಲ್ರಿ."

ನನಗೆ ನನ್ನ ಬಾಯಿಯ ಮೇಲೇ ಹೇಸಿಗೆಯಾಯಿತು. ನೀರಿನ ಪೈಪು ತಂದು ಆಕೆಯ ಕೈಗೆ ಕೊಟ್ಟೆ.